ವಾರಾಂತ್ಯದ ಬಿಡಾರ, ಸೈಕಲ್ ಸವಾರಿ: ಸ್ಕೌಟ್ ದಳಕ್ಕೆ ಹನ್ನೆರಡು ಯಶಸ್ಸಿನ ಸೂತ್ರಗಳು

2022ರ ಡಿಸೆಂಬರ್ 21ರಿಂದ 27ರ ತನಕ ಮೂಡುಬಿದಿರೆಯಲ್ಲಿ ಅಂತಾರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿ ನಡೆಯಿತು. ಆಳ್ವಾಸ್ ಶಿಕ್ಷಣ ಸಂಸ್ಥೆಯ ವಿದ್ಯಾಗಿರಿ ಆವರಣದಲ್ಲಿ ಐವತ್ತು ಸಾವಿರದ ಹತ್ತಿರ ಹತ್ತಿರ ಸ್ಕೌಟ್ಸ್, ಗೈಡ್ಸ್, ರೋವರ್ಸ್, ರೇಂಜರ್ಸ್ ಸೇರಿದ್ದರು. ಅಂಥ ಹಬ್ಬ ಒಂದು ಊರಿನ ಪಾಲಿಗೆ ಮತ್ತೆ ಯಾವಾಗ ಬರುತ್ತದೋ ಹೇಳಲಾಗದು. ಎರಡು ದಿನದ ಬಿಡಾರ ಮತ್ತು ಇಪ್ಪತ್ತು ಕಿಲೋಮೀಟರ್ ಸೈಕಲ್ ಸವಾರಿ ಮಾತ್ರ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಯಾವ ಶಾಲೆಯ ದಳಕ್ಕೂ ಎಟಕುವಂಥದ್ದು. ಮಕ್ಕಳನ್ನು ಗಟ್ಟಿ ಮಾಡುವುದೂ ಅದೇ. ದೊಡ್ಡ ಖರ್ಚಿಲ್ಲ, ಬಸ್ಸು ಬಾಡಿಗೆ ಮಾಡಬೇಕಿಲ್ಲ. ಬೇಕಾದದ್ದು ಒಂದಷ್ಟು ಮುಂದಾಲೋಚನೆ, ಮತ್ತು ಮಕ್ಕಳ ಮೇಲೆ ನಿಜವಾದ ನಂಬಿಕೆ. ಇಲ್ಲಿನ ಏರು, ಇಳುಕಲು, ಮಳೆ, ಹೊಳೆಗಳನ್ನು ಮನಸ್ಸಿನಲ್ಲಿಟ್ಟು ಈ ಸೂತ್ರಗಳನ್ನು ಬರೆದಿದ್ದೇನೆ.

1. ಯಜಮಾನಿಕೆ ಮಕ್ಕಳಿಗೇ ಬಿಟ್ಟುಕೊಡಿ

ಸ್ಕೌಟಿಂಗ್ ಸ್ಥಾಪಕ ಬೇಡನ್ ಪೊವೆಲ್ 1907ರ ಆಗಸ್ಟ್‌ನಲ್ಲಿ ಬ್ರೌನ್‌ಸೀ ದ್ವೀಪಕ್ಕೆ ಕರೆದೊಯ್ದದ್ದು ಇಪ್ಪತ್ತು ಹುಡುಗರನ್ನು. ಅಷ್ಟು ಜನರನ್ನೂ ಅವರು ಒಂದೇ ಮಂದೆಯಾಗಿ ಇಟ್ಟುಕೊಳ್ಳಲಿಲ್ಲ. ನಾಲ್ಕು ಪ್ಯಾಟ್ರೋಲ್ ಮಾಡಿ, ಪ್ರತಿಯೊಂದಕ್ಕೂ ಒಬ್ಬ ಹುಡುಗನನ್ನೇ ಲೀಡರ್ ಮಾಡಿದರು. ಎರಡೇ ವರ್ಷದಲ್ಲಿ, 1909ರಲ್ಲಿ, ಈ ಪದ್ಧತಿ ಬೆಂಗಳೂರಿಗೆ ಬಂತು. ಇವತ್ತಿಗೂ ಸ್ಕೌಟಿಂಗ್ ನಿಂತಿರುವುದು ಅದರ ಮೇಲೆಯೇ. ಆದರೂ ನಮ್ಮ ಅನೇಕ ಶಿಬಿರಗಳಲ್ಲಿ ಅಡುಗೆಗೆ ಭಟ್ಟರು ಬರುತ್ತಾರೆ, ಟೆಂಟನ್ನು ಶಾಮಿಯಾನದವರು ಕಟ್ಟುತ್ತಾರೆ, ಮಕ್ಕಳು ಸಾಲಾಗಿ ಕೂತು ಉಂಡು ಬರುತ್ತಾರೆ. ಇದನ್ನು ಪ್ರವಾಸ ಎನ್ನಬಹುದು, ಸ್ಕೌಟ್ ಶಿಬಿರ ಎನ್ನಲಾಗದು.

ಆರರಿಂದ ಎಂಟು ಮಂದಿಯ ಪ್ಯಾಟ್ರೋಲ್ ಕೈಗೆ ಮೂರು ವಿಷಯಗಳನ್ನು ಪೂರ್ತಿಯಾಗಿ ಕೊಡಿ: ಏನು ಉಣ್ಣಬೇಕು, ಯಾವ ದಾರಿಯಲ್ಲಿ ಹೋಗಬೇಕು, ಯಾರು ಯಾವ ಕೆಲಸ ಮಾಡಬೇಕು. ಪ್ಯಾಟ್ರೋಲ್ ಲೀಡರುಗಳು ಕೂತು ಬರೆದ ಪಟ್ಟಿಯನ್ನು ಸ್ಕೌಟ್ ಮಾಸ್ಟರ್ ಓದಲಿ, ಅಪಾಯವಿರುವ ಕಡೆ ಮಾತ್ರ ತಡೆಯಲಿ. ಉಳಿದಂತೆ ಕೈ ಹಾಕಬಾರದು. ಅನ್ನ ತಳ ಹಿಡಿದರೆ ಹಿಡಿಯಲಿ, ಸಾರಿಗೆ ಉಪ್ಪು ಮರೆತರೆ ಮರೆಯಲಿ. ರಾತ್ರಿಯ ಊಟಕ್ಕೆ ಅವರೇ ಸರಿಮಾಡಿಕೊಳ್ಳುತ್ತಾರೆ. ತಳ ಹಿಡಿದ ಪಾತ್ರೆಯನ್ನು ಬೂದಿ ಹಾಕಿ ತಿಕ್ಕಿದ ಹುಡುಗನಿಗೆ ಉರಿ ಸಣ್ಣ ಮಾಡುವುದನ್ನು ಮತ್ತೆ ಯಾರೂ ಕಲಿಸಬೇಕಾಗಿಲ್ಲ.

2. ತಾರೀಖು ಗೊತ್ತುಮಾಡುವ ಮುಂಚೆ ಊರಿನ ಕ್ಯಾಲೆಂಡರ್ ನೋಡಿ

ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಊರು ನಮ್ಮದು. ನವೆಂಬರ್ ಕೊನೆಯಿಂದ ಫೆಬ್ರವರಿ ತನಕ ಬಿಡಾರಕ್ಕೆ ಹೇಳಿ ಮಾಡಿಸಿದ ಕಾಲ. ಮಾರ್ಚ್ ಬಂತೆಂದರೆ ಪರೀಕ್ಷೆ, ಜತೆಗೆ ಬಿಸಿಲು. ತೊಡಕೇನೆಂದರೆ ಊರಿನ ಬೇರೆಲ್ಲ ಸಡಗರಕ್ಕೂ ಇದೇ ಕಾಲ. ಕಾರ್ತಿಕದಲ್ಲಿ ಧರ್ಮಸ್ಥಳದ ಲಕ್ಷದೀಪೋತ್ಸವವಿರುವಾಗ ಉಜಿರೆಯ ಕಡೆಗೆ ಸೈಕಲ್ ತಿರುಗಿಸಬೇಡಿ. ವೇಣೂರು, ಹೊಕ್ಕಾಡಿಗೋಳಿ, ಮೂಡುಬಿದಿರೆಯ ಕಂಬಳಗಳು ವಾರಾಂತ್ಯದಲ್ಲೇ ನಡೆಯುತ್ತವೆ. ಆ ರಾತ್ರಿ ಸುತ್ತಲಿನ ರಸ್ತೆಗಳಲ್ಲಿ ವಾಹನಗಳ ಸಾಲು, ಬಿಡಾರದಲ್ಲಿ ಯಾರಿಗೂ ನಿದ್ದೆಯಿಲ್ಲ. ನೀವು ಆರಿಸಿದ ಜಾಗದ ಹತ್ತಿರ ಕೋಲ, ಜಾತ್ರೆ, ಯಕ್ಷಗಾನ ಯಾವುದಾದರೂ ಇದೆಯೇ ಎಂದು ಊರವರನ್ನು ಒಂದು ಮಾತು ಕೇಳಿ.

3. ಶನಿವಾರದ ಅರ್ಧ ದಿನಕ್ಕೆ ತಕ್ಕಷ್ಟೇ ದೂರ

ಶನಿವಾರ ಬೆಳಗ್ಗೆ ತರಗತಿ ಇರುತ್ತದೆ. ಊಟ ಮುಗಿಸಿ ಎರಡೂವರೆಗೆ ಹೊರಟರೆ, ಡಿಸೆಂಬರ್‌ನಲ್ಲಿ ಆರೂಕಾಲರ ಹೊತ್ತಿಗೆ ಸೂರ್ಯ ಮುಳುಗುತ್ತಾನೆ. ಕತ್ತಲಾಗುವ ಮುಂಚೆ ಟೆಂಟ್ ಏಳಬೇಕು, ಒಲೆ ಹೊತ್ತಬೇಕು. ಅಂದರೆ ದಾರಿಗೆ ಉಳಿಯುವುದು ಹೆಚ್ಚೆಂದರೆ ಎರಡು ತಾಸು. ಗೇರಿಲ್ಲದ ಸೈಕಲ್ಲಿನಲ್ಲಿ ಎಂಟನೇ ತರಗತಿಯ ಮಕ್ಕಳು ನಮ್ಮ ಏರುಗಳನ್ನು ಸೇರಿಸಿ ತಾಸಿಗೆ ಹತ್ತು ಕಿಲೋಮೀಟರ್ ಹೋದರೆ ಅದೇ ಒಳ್ಳೆಯ ವೇಗ. ಮೂಡುಬಿದಿರೆಯಿಂದ ವೇಣೂರಿಗೆ ಸುಮಾರು 20 ಕಿಲೋಮೀಟರ್. ಮೊದಲ ಸವಾರಿಗೆ ಇಷ್ಟು ಸಾಕು. ಬಂಟ್ವಾಳದವರು ಕಾರಿಂಜಕ್ಕೆ ಹೋಗಬಹುದು. ಬೆಳ್ತಂಗಡಿಯವರಿಗೆ ಗಡಾಯಿಕಲ್ಲಿನ ಬುಡ ಇನ್ನೂ ಹತ್ತಿರ. ಮಕ್ಕಳು ಚಾರ್ಮಾಡಿ, ಚಾರ್ಮಾಡಿ ಎಂದು ಎಷ್ಟೇ ಹಠ ಹಿಡಿದರೂ ಘಾಟಿ ರಸ್ತೆಗೆ ಸೈಕಲ್ ಹತ್ತಿಸಬೇಡಿ. ಆ ತಿರುವುಗಳಲ್ಲಿ ಬಸ್ಸು, ಲಾರಿಗಳಿಗೇ ಜಾಗ ಸಾಲುವುದಿಲ್ಲ.

4. ಹೆದ್ದಾರಿ ಬಿಟ್ಟು ಒಳದಾರಿ ಹಿಡಿಯಿರಿ, ಸಾಲು ಕಾಯ್ದುಕೊಳ್ಳಿ

ಬಿ.ಸಿ.ರೋಡಿನಿಂದ ಪುಂಜಾಲಕಟ್ಟೆ, ಗುರುವಾಯನಕೆರೆ ಮೇಲಾಗಿ ಸಾಗುವ ರಾಷ್ಟ್ರೀಯ ಹೆದ್ದಾರಿ 73, ಮಂಗಳೂರು–ಮೂಡುಬಿದಿರೆ–ಕಾರ್ಕಳದ 169, ಬೆಂಗಳೂರು ಕಡೆಯ 75: ಈ ಮೂರನ್ನೂ ದಾಟುವುದಕ್ಕೆ ಮಾತ್ರ ಬಳಸಿ. ದಾಟುವಾಗ ಇಳಿದು, ಸೈಕಲ್ ತಳ್ಳಿಕೊಂಡು, ಇಡೀ ಪ್ಯಾಟ್ರೋಲ್ ಒಟ್ಟಿಗೇ ದಾಟಲಿ. ಸಿದ್ಧಕಟ್ಟೆ, ವಾಮದಪದವು, ವೇಣೂರು ಕಡೆಯ ಒಳದಾರಿಗಳಲ್ಲಿ ತೋಟ, ಗುಡ್ಡ, ಗದ್ದೆಗಳ ನಡುವೆ ನೆರಳೂ ಸಿಗುತ್ತದೆ. ಅಲ್ಲಿಯೂ ಖಾಸಗಿ ಬಸ್ಸುಗಳಿವೆ. ಸಮಯಕ್ಕೆ ಓಡುವ ಆ ಬಸ್ಸುಗಳ ವೇಗ ನಮಗೆಲ್ಲ ಗೊತ್ತೇ ಇದೆ.

ಮೂವತ್ತು ಸೈಕಲ್ಲುಗಳನ್ನು ಒಂದೇ ಸಾಲಿನಲ್ಲಿ ಬಿಡಬಾರದು. ಹಿಂದಿನಿಂದ ಬಂದ ಬಸ್ಸಿಗೆ ಅಷ್ಟು ಉದ್ದದ ಸಾಲನ್ನು ಒಂದೇ ಏಟಿಗೆ ದಾಟಲು ಆಗುವುದಿಲ್ಲ, ನಡುವೆ ನುಗ್ಗುತ್ತದೆ. ಒಂದು ಪ್ಯಾಟ್ರೋಲಿಗೂ ಇನ್ನೊಂದಕ್ಕೂ ಇನ್ನೂರು ಮೀಟರಾದರೂ ಅಂತರ ಇರಲಿ. ಪ್ಯಾಟ್ರೋಲಿನೊಳಗೆ ಸಪಾಟು ದಾರಿಯಲ್ಲಿ ಎರಡು ಸೈಕಲ್ ಉದ್ದ, ಇಳುಕಲಿನಲ್ಲಿ ಅದರ ನಾಲ್ಕರಷ್ಟು. ಲೀಡರ್ ಮುಂದೆ, ಅವನ ಬೆನ್ನಿಗೇ ಎಲ್ಲರಿಗಿಂತ ನಿಧಾನದ ಹುಡುಗ. ಅವನ ವೇಗವೇ ಪ್ಯಾಟ್ರೋಲಿನ ವೇಗ. ಕೊನೆಯಲ್ಲಿ ಸೆಕೆಂಡ್ (ಉಪನಾಯಕ), ಅವನ ಚೀಲದಲ್ಲಿ ಪಂಕ್ಚರ್ ಸಾಮಾನು. ಒಂದು ಉದ್ದ ಸೀಟಿ ಎಂದರೆ ನಿಲ್ಲು. ನಿಲ್ಲುವುದು ಡಾಂಬರಿನ ಹೊರಗೆ, ತಿರುವಿನಲ್ಲಂತೂ ಅಲ್ಲವೇ ಅಲ್ಲ.

ಇಳುಕಲಿನ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಏರು ಹತ್ತಿ ದಣಿದ ಮಕ್ಕಳಿಗೆ ಇಳುಕಲು ಸಿಕ್ಕ ಕೂಡಲೇ ಬ್ರೇಕ್ ಬಿಟ್ಟು ಹಾರಿಸುವ ಆಸೆ. ನಮ್ಮ ಒಳದಾರಿಗಳಲ್ಲಿ ಇಳುಕಲಿನ ಬುಡದಲ್ಲಿ ಸಾಮಾನ್ಯವಾಗಿ ಒಂದು ತೋಡು, ಅದರ ಮೇಲೊಂದು ಕಿರಿದಾದ ಮೋರಿ, ಮೋರಿಯಾಚೆ ಥಟ್ಟನೆ ತಿರುವು. ರಸ್ತೆಯಂಚಿನ ಕೆಂಪು ಜಲ್ಲಿಯ ಮೇಲೆ ಗಾಲಿ ಜಾರುತ್ತದೆ. ಹಿಂದಿನ ಬ್ರೇಕ್ ಮೊದಲು, ಮುಂದಿನದ್ದು ಮೆಲ್ಲಗೆ: ಇದನ್ನು ಶಾಲೆಯ ಮೈದಾನದಲ್ಲಿ ಎಲ್ಲರಿಂದಲೂ ಮಾಡಿಸಿ ನೋಡದೆ ಯಾರನ್ನೂ ರಸ್ತೆಗೆ ಇಳಿಸಬೇಡಿ. ತಲೆಗೆ ಹೆಲ್ಮೆಟ್ ಇಲ್ಲದವರನ್ನೂ ಇಳಿಸಬೇಡಿ.

5. ಸೈಕಲ್ ತಪಾಸಣೆ ಗುರುವಾರವೇ ಆಗಲಿ

ಶನಿವಾರ ಮಧ್ಯಾಹ್ನ ಗೊತ್ತಾದ ತೊಂದರೆಗೆ ಸೈಕಲ್ ಅಂಗಡಿಯವರೂ ಏನೂ ಮಾಡಲಾರರು. 2006–07ರಲ್ಲಿ ಶುರುವಾದ ಸರಕಾರಿ ಯೋಜನೆಯಲ್ಲಿ ಎಂಟನೇ ತರಗತಿಯವರಿಗೆ ಹಂಚಿದ ಸೈಕಲ್ಲುಗಳು ಎಷ್ಟೋ ಮನೆಗಳ ಕೊಟ್ಟಿಗೆಯಲ್ಲಿ ಇನ್ನೂ ಇವೆ. ಗಟ್ಟಿ ಸೈಕಲ್ಲುಗಳೇ, ಬ್ರೇಕ್ ರಬ್ಬರು, ಟ್ಯೂಬು ಬದಲಿಸಿ, ಚೈನಿಗೆ ಎಣ್ಣೆ ಬಿಟ್ಟರೆ ಓಡುತ್ತವೆ. ಪೆಡಲ್ ಕೆಳಗಿರುವಾಗ ಮೊಣಕಾಲು ತುಸುವೇ ಮಡಚಿರುವಷ್ಟು ಸೀಟು ಎತ್ತರಿಸಿ. ಅರ್ಧ ಸುಸ್ತು ಅಲ್ಲೇ ಕಳೆಯುತ್ತದೆ.

ಪಂಕ್ಚರ್ ಹಾಕುವುದು ಪ್ರತಿಯೊಬ್ಬನಿಗೂ ಬರಬೇಕು. ಟ್ಯೂಬಿಗೆ ಗಾಳಿ ಹಾಕಿ ಬಕೆಟ್ ನೀರಿನಲ್ಲಿ ಮುಳುಗಿಸಿ, ಗುಳ್ಳೆ ಏಳುವ ಜಾಗಕ್ಕೆ ಗುರುತು ಮಾಡಿ, ಒರಸಿ ಒಣಗಿಸಿ, ಉಪ್ಪುಕಾಗದದಿಂದ ಉಜ್ಜಿ, ಸೊಲ್ಯೂಶನ್ ಹಚ್ಚುವುದು. ಇಲ್ಲಿಯವರೆಗೆ ಎಲ್ಲರೂ ಸರಿಯಾಗಿಯೇ ಮಾಡುತ್ತಾರೆ. ಆಮೇಲೆ ಕಾಯುವುದಿಲ್ಲ, ಹಸಿಯಿರುವಾಗಲೇ ಪ್ಯಾಚ್ ಅಂಟಿಸುತ್ತಾರೆ, ಎರಡು ಕಿಲೋಮೀಟರಿಗೆ ಅದು ಬಿಡುತ್ತದೆ. ಬೆರಳು ತಾಗಿಸಿದರೆ ಅಂಟದಷ್ಟು ಒಣಗಿದ ಮೇಲೆಯೇ ಪ್ಯಾಚ್. ಟಯರಿನ ಒಳಗೆ ಮುಳ್ಳು ಇನ್ನೂ ಕೂತಿದೆಯೇ ಎಂದು ಬಟ್ಟೆ ಆಡಿಸಿ ನೋಡಲು ಮರೆಯಬಾರದು.

ಸಾಮಾನು ತಲೆಗೆ ಐದು ಕಿಲೋ ಮೀರದಿರಲಿ. ಹ್ಯಾಂಡಲಿಗೆ ಚೀಲ ತೂಗುಹಾಕಬಾರದು. ಕ್ಯಾರಿಯರಿಗೆ ಹಳೆ ಟ್ಯೂಬಿನ ಪಟ್ಟಿಯಿಂದ ಬಿಗಿದರೆ ಅಲುಗುವುದಿಲ್ಲ.

6. ಜಾಗ ಆರಿಸುವಾಗ ನೆಲ ನೋಡಿ, ಮೇಲೆಯೂ ನೋಡಿ

ಸ್ಕೌಟ್ ಪುಸ್ತಕಗಳಲ್ಲಿ ಟೆಂಟಿನ ಗೂಟ ಹೊಡೆಯುವ ಚಿತ್ರವಿರುತ್ತದೆ. ನಮ್ಮ ಪದವುಗಳಲ್ಲಿ ಆ ಗೂಟ ಇಳಿಯುವುದಿಲ್ಲ. ನಾಲ್ಕು ಬೆರಳು ಮಣ್ಣಿನ ಕೆಳಗೆ ಮುರಕಲ್ಲು. ಮರದ ಗೂಟ ಸೀಳುತ್ತದೆ, ಕಬ್ಬಿಣದ್ದು ಡೊಂಕಾಗುತ್ತದೆ. ಅಲ್ಲಿ ಹಗ್ಗವನ್ನು ಕೆಂಪುಕಲ್ಲಿಗೇ ಕಟ್ಟಬೇಕು, ರೌಂಡ್ ಟರ್ನ್ ಮತ್ತು ಎರಡು ಹಾಫ್ ಹಿಚ್ ಹಾಕಿ. ತರಗತಿಯಲ್ಲಿ ಬೆಂಚಿನ ಕಾಲಿಗೆ ಕಟ್ಟಿ ಕಲಿತ ಗಂಟು ಗಾಳಿಗೆ ನಿಲ್ಲುತ್ತದೋ ಇಲ್ಲವೋ ಎಂಬುದು ಆ ರಾತ್ರಿ ತಿಳಿಯುತ್ತದೆ. ಏಣಿಲು ಕೊಯ್ಲಾದ ಗದ್ದೆಯಲ್ಲಿ ಗೂಟ ಸಲೀಸಾಗಿ ಇಳಿಯುತ್ತದೆ, ಮಲಗಲೂ ಮೆತ್ತಗೆ. ಆದರೆ ಅಲ್ಲಿ ಇಬ್ಬನಿ ಜೋರು, ನಸುಕಿಗೆ ಹೊದಿಕೆ ಒದ್ದೆ. ಅಡಿಗೊಂದು ಟಾರ್ಪಾಲು, ಮೇಲೊಂದು ಇರಲೇಬೇಕು. ಸುಗ್ಗಿ ಬೆಳೆಯೋ ಉದ್ದೋ ಬಿತ್ತಿದ ಗದ್ದೆಗೆ ಕಾಲಿಡಬೇಡಿ.

ತೆಂಗಿನ ಮರದ ಅಡಿ ಟೆಂಟ್ ಹಾಕಬಾರದು. ಕಾಯಿ, ಮಡಲು ಬೀಳುವುದಕ್ಕೆ ಹೊತ್ತುಗೊತ್ತಿಲ್ಲ. ಅಡಿಕೆ ತೋಟದ ಒಳಗೆ ತೇವ, ಸೊಳ್ಳೆ. ಗೇರುಗುಡ್ಡೆಯಲ್ಲಿ ಒಣಗಿದ ಎಲೆ, ಪದವಿನಲ್ಲಿ ಒಣಗಿದ ಮುಳಿಹುಲ್ಲು: ಎರಡಕ್ಕೂ ಒಂದು ಕಿಡಿ ಸಾಕು. ಒಲೆಯ ಸುತ್ತ ಎರಡು ಮಾರು ಜಾಗ ಗುಡಿಸಿ, ಪಕ್ಕದಲ್ಲಿ ಎರಡು ಕೊಡ ನೀರು ತುಂಬಿಸಿಟ್ಟ ಮೇಲೆಯೇ ಬೆಂಕಿಕಡ್ಡಿ ಗೀರಿ. ಚಾರ್ಮಾಡಿ, ನೆರಿಯ, ಶಿಬಾಜೆ, ಶಿಶಿಲದ ಕಡೆ ಕಾಡಂಚಿನ ತೋಟಗಳಿಗೆ ಆನೆ ಇಳಿಯುತ್ತದೆ. ಅಲ್ಲಿ ಬಯಲಿನಲ್ಲಿ ಮಲಗುವ ಯೋಚನೆಯೇ ಬೇಡ, ಶಾಲೆಯ ಕಟ್ಟಡದೊಳಗೆ ಮಲಗಿ.

ಒಟ್ಟಿನಲ್ಲಿ ಮೊದಲ ಬಿಡಾರಕ್ಕೆ ಹಳ್ಳಿಯ ಸರಕಾರಿ ಶಾಲೆಯ ಮೈದಾನಕ್ಕಿಂತ ಒಳ್ಳೆಯ ಜಾಗ ನಾನು ಕಂಡಿಲ್ಲ. ಬಾವಿ, ಶೌಚಾಲಯ, ಮಳೆ ಬಂದರೆ ಓಡಿ ಹತ್ತಲು ಜಗಲಿ, ಎಲ್ಲ ಒಂದೇ ಕಡೆ. ಮುಖ್ಯೋಪಾಧ್ಯಾಯರಿಗೆ, ಶಾಲಾಭಿವೃದ್ಧಿ ಸಮಿತಿಗೆ ಪತ್ರ ಬರೆದು ಒಪ್ಪಿಗೆ ಪಡೆಯಿರಿ. ಸ್ಕೌಟ್ಸ್ ಮತ್ತು ಗೈಡ್ಸ್ ಸ್ಥಳೀಯ ಸಂಸ್ಥೆಗೆ ತಿಳಿಸಿ. ಪ್ರತಿ ಮಗುವಿನ ಮನೆಯಿಂದ ಸಹಿಯಾದ ಒಪ್ಪಿಗೆ ಪತ್ರ ಇರಲಿ. ಗೈಡ್ಸ್ ಬರುವುದಾದರೆ ಗೈಡ್ ಕ್ಯಾಪ್ಟನ್ ರಾತ್ರಿಯೂ ಜತೆಗಿರಬೇಕು. ಇದರಲ್ಲಿ ರಿಯಾಯಿತಿ ಇಲ್ಲ.

7. ಹೊಳೆಗೆ ಇಳಿಯುವಂತಿಲ್ಲ

ನೇತ್ರಾವತಿ, ಫಲ್ಗುಣಿ, ಮೃತ್ಯುಂಜಯ, ಕಪಿಲಾ, ಹೆಸರು ಯಾವುದೇ ಇರಲಿ. ಮೇಲಿನಿಂದ ಶಾಂತವಾಗಿ ಕಾಣುವ ನೇತ್ರಾವತಿಯ ತಳದಲ್ಲಿ ಮರಳು ತೆಗೆದ ಗುಂಡಿಗಳಿವೆ. ತುಂಬೆ ಕಿಂಡಿ ಅಣೆಕಟ್ಟಿನ ಹಿನ್ನೀರಿನಲ್ಲಿ ಆಳದ ಅಂದಾಜೇ ಸಿಗುವುದಿಲ್ಲ. ದಿಡುಪೆ ಕಡೆಯ ಅಬ್ಬಿಗಳಲ್ಲಿ ಕೆಳಗೆ ಬಿಸಿಲಿದ್ದರೂ ಘಟ್ಟದ ಮೇಲೆ ಮಳೆ ಬಿದ್ದರೆ ನೀರು ಏಕಾಏಕಿ ಏರುತ್ತದೆ. 2019ರ ಆಗಸ್ಟ್‌ನ ನೆರೆಯನ್ನು ಬೆಳ್ತಂಗಡಿಯವರು ಮರೆತಿಲ್ಲ. ಬೇಸಗೆಯಲ್ಲೂ ನೀರಿನಂಚಿನಿಂದ ದೂರವೇ ಇರಿ. ಸ್ನಾನ ಬಾವಿಕಟ್ಟೆಯಲ್ಲಿ, ಕೊಡಪಾನದಲ್ಲಿ.

8. ಅಡುಗೆಗೆ ಅಕ್ಕಿ ಯಾವುದೆಂದು ಮೊದಲೇ ನಿರ್ಧರಿಸಿ

ಕುಚ್ಚಲಕ್ಕಿ ಕಟ್ಟಿಗೆ ಒಲೆಯಲ್ಲಿ ಬೇಯಲು ತಾಸು ಹಿಡಿಯುತ್ತದೆ. ಸೈಕಲ್ ತುಳಿದು ಹಸಿದ ಮಕ್ಕಳಿಗೆ ಅಷ್ಟು ತಾಳ್ಮೆ ಇರುವುದಿಲ್ಲ. ಆದ್ದರಿಂದ ತಲುಪಿದ ಕೂಡಲೇ ಅವಲಕ್ಕಿ, ತೆಂಗಿನತುರಿ, ಬೆಲ್ಲ, ಬಾಳೆಹಣ್ಣು ಕೊಟ್ಟು ಹೊಟ್ಟೆಗೆ ಆಧಾರ ಮಾಡಿ. ಆಮೇಲೆ ಕುಚ್ಚಲಕ್ಕಿ ಗಂಜಿಗಿಡಿ. ಹೆಸರುಕಾಳಿನ ಪಲ್ಯ, ಹುರಿದ ಒಣಮೆಣಸಿನ ಚಟ್ನಿ, ಮನೆಯ ಉಪ್ಪಿನಕಾಯಿ. ಬೆವರು ಸುರಿಸಿ ಬಂದ ಮೈಗೆ ಉಪ್ಪು ಬೆರೆಸಿದ ಗಂಜಿತಿಳಿ ಯಾವ ಬಾಟಲಿ ಪಾನೀಯಕ್ಕೂ ಕಡಿಮೆಯಲ್ಲ. ಭಾನುವಾರ ಬೆಳಗ್ಗೆ ಬೇಗ ಹೊರಡುವುದಿದ್ದರೆ ಸಜ್ಜಿಗೆ ಸುಲಭ. ಎಂಟು ಮಕ್ಕಳಿಗೆ ಒಂದು ಹೊತ್ತಿಗೆ ಒಂದೂಕಾಲು ಕಿಲೋ ಅಕ್ಕಿ ಲೆಕ್ಕ ಇಡಿ.

ಉರಿಗೆ ಗೆರಟೆ, ಕೊತ್ತಳಿಗೆ, ಒಣ ಮಡಲು ಸಾಕು. ಹಸಿ ಕೊಂಬೆ ಕಡಿಯಬಾರದು. ಪಾತ್ರೆ ಒಲೆಗಿಡುವ ಮುಂಚೆ ಹೊರಮೈಗೆ ಕೆಸರುಮಣ್ಣು ಬಳಿದರೆ ಮಸಿ ಮಣ್ಣಿನೊಂದಿಗೇ ಉದುರುತ್ತದೆ. ಉಣ್ಣಲು ಹಾಳೆತಟ್ಟೆ ಅಥವಾ ಬಾಳೆಲೆ. ಕುಡಿಯುವ ನೀರು ಕುದಿಸಿದ್ದೇ ಆಗಬೇಕು. ದಾರಿಗೆ ತಲಾ ಎರಡು ಲೀಟರ್, ಜತೆಗೆ ಪುನರ್ಪುಳಿ ಸಾರ ಒಂದು ಬಾಟಲಿ.

9. ನೋಡುವ ಜಾಗದಲ್ಲಿ ಮಕ್ಕಳಿಗೊಂದು ಕೆಲಸ ಕೊಡಿ

ವೇಣೂರಿನ ಬಾಹುಬಲಿಯನ್ನು 1604ರಲ್ಲಿ ತಿಮ್ಮಣ್ಣ ಅಜಿಲ ಫಲ್ಗುಣಿಯ ದಂಡೆಯಲ್ಲಿ ನಿಲ್ಲಿಸಿದ. ಇದನ್ನು ಓದಿ ಹೇಳಿದರೆ ಮಕ್ಕಳು ಹತ್ತು ನಿಮಿಷದಲ್ಲಿ ಮರೆಯುತ್ತಾರೆ. ಮೂರ್ತಿಯ ಎತ್ತರ ನೀವೇ ಅಳೆಯಿರಿ ಎಂದು ಹೇಳಿ ನೋಡಿ. ಐದಡಿಯ ಹುಡುಗನೊಬ್ಬ ಕಟ್ಟೆಯ ಬುಡದಲ್ಲಿ ನಿಲ್ಲಲಿ. ಇನ್ನೊಬ್ಬ ದೂರ ಸರಿದು ಕೈ ನೀಡಿ ಪೆನ್ಸಿಲ್ ಹಿಡಿಯಲಿ. ಒಂದು ಕಣ್ಣು ಮುಚ್ಚಿ ಪೆನ್ಸಿಲ್ ತುದಿಯನ್ನು ಗೆಳೆಯನ ತಲೆಗೆ, ಹೆಬ್ಬೆರಳನ್ನು ಅವನ ಪಾದಕ್ಕೆ ಹೊಂದಿಸಲಿ. ಆ ಅಳತೆಯನ್ನು ಒಂದರ ಮೇಲೊಂದು ಇಡುತ್ತ ಮೂರ್ತಿಯ ನೆತ್ತಿಯವರೆಗೆ ಹೋಗಲಿ. ಕಟ್ಟೆಯ ಎತ್ತರ ಕಳೆದ ಮೇಲೆ ಏಳು ಸಲ ಬಂತೆಂದರೆ ಲೆಕ್ಕ ಸರಿ, ಮೂರ್ತಿ 35 ಅಡಿ. ಪ್ಯಾಟ್ರೋಲ್ ಪ್ಯಾಟ್ರೋಲಿಗೂ ಉತ್ತರ ಬೇರೆ ಬರುತ್ತದೆ. ಯಾರದ್ದು ಹತ್ತಿರ ಎಂಬ ಚರ್ಚೆ ದಾರಿಯುದ್ದಕ್ಕೂ ನಡೆಯುತ್ತದೆ. ಕಾರ್ಕಳದ 42 ಅಡಿ, ಧರ್ಮಸ್ಥಳದ 39 ಅಡಿಯ ಮೂರ್ತಿಗಳಿಗೂ ಇದೇ ಪರೀಕ್ಷೆ ನಡೆಸಬಹುದು.

ಮೂಡುಬಿದಿರೆಯ ಸಾವಿರ ಕಂಬದ ಬಸದಿ 1430ರದ್ದು. ಅಲ್ಲಿ ಕಿಮ್ಸ್ ಗೇಮ್ ಆಡಿಸಿ: ಹತ್ತು ನಿಮಿಷ ಮೌನವಾಗಿ ಕಂಬಗಳನ್ನು ನೋಡುವುದು, ಹೊರಗೆ ಬಂದು ಕಂಡ ಕೆತ್ತನೆಗಳನ್ನು ನೆನಪಿನಿಂದ ಬರೆಯುವುದು. ಬಸದಿಯ ಒಳಗೆ ಸೀಟಿ, ಕೂಗು ಬೇಡ. ಚರ್ಮದ ಬೆಲ್ಟ್ ಬಿಚ್ಚಿ ಹೊರಗಿಡಲಿ.

ಗಡಾಯಿಕಲ್ಲು ಟಿಪ್ಪು ಸುಲ್ತಾನ್ 1794ರಲ್ಲಿ ಕಟ್ಟಿಸಿದ ಜಮಲಾಬಾದ್ ಕೋಟೆ. ಬಂಡೆಯಲ್ಲೇ ಕಡಿದ ಮೆಟ್ಟಿಲುಗಳು ಸಾವಿರದ ಎಂಟುನೂರಕ್ಕೂ ಹೆಚ್ಚು. ಅದು ಕುದುರೆಮುಖ ರಾಷ್ಟ್ರೀಯ ಉದ್ಯಾನದ ವ್ಯಾಪ್ತಿಯಲ್ಲಿದೆ, ಅರಣ್ಯ ಇಲಾಖೆಯ ಅನುಮತಿ ಬೇಕು, ಮೇಲೆ ರಾತ್ರಿ ತಂಗುವಂತಿಲ್ಲ. ಬೆಳಗ್ಗೆ ಬಾಗಿಲು ತೆರೆದ ಕೂಡಲೇ ಹತ್ತಿ, ಬಿಸಿಲೇರುವ ಮುಂಚೆ ಇಳಿಯಿರಿ. ಮಳೆ ಬಂದು ಪಾಚಿ ಕಟ್ಟಿದ ಮೆಟ್ಟಿಲ ಮೇಲೆ ಮಕ್ಕಳನ್ನು ಬಿಡಬೇಡಿ. ಬಂಡೆಯ ಸಂದಿಯಲ್ಲಿ ಹೆಜ್ಜೇನು ಕಟ್ಟಿರಬಹುದು. ಹೊಗೆ, ಕಲ್ಲೆಸೆತ, ಕಿರುಚಾಟ ಯಾವುದೂ ಕೂಡದು. ಕಾರಿಂಜದಲ್ಲಿ ಕಾಟ ಮಂಗಗಳದ್ದು. ತಿಂಡಿ ಚೀಲವನ್ನು ಕೆಳಗೇ ಒಬ್ಬರ ಕಾವಲಿನಲ್ಲಿ ಬಿಟ್ಟು ಹತ್ತಿ.

10. ಶಿಬಿರಾಗ್ನಿಯಲ್ಲಿ ಮನೆಮಾತುಗಳಿಗೆಲ್ಲ ಜಾಗವಿರಲಿ

ನಮ್ಮ ಒಂದೊಂದು ಪ್ಯಾಟ್ರೋಲಿನಲ್ಲೂ ತುಳು, ಕನ್ನಡ, ಬ್ಯಾರಿ, ಕೊಂಕಣಿ ಆಡುವ ಮಕ್ಕಳಿರುತ್ತಾರೆ. ಸಿನಿಮಾ ಹಾಡಿನ ಕುಣಿತಕ್ಕೆ ಬೇರೆ ವೇದಿಕೆಗಳು ಬೇಕಾದಷ್ಟಿವೆ. ಇಲ್ಲಿ ಅಜ್ಜಿ ಹೇಳಿದ ಕಥೆ, ಒಗಟು, ಪಾಡ್ದನದ ನಾಲ್ಕು ಸಾಲು, ಒಬ್ಬೊಬ್ಬರ ಮನೆಮಾತಿನಲ್ಲಿ ಒಂದೊಂದು ಬರಲಿ. ಬೇಡನ್ ಪೊವೆಲ್ ಹುಟ್ಟಿದ ಫೆಬ್ರವರಿ 22ನ್ನು ಸ್ಕೌಟುಗಳು ಚಿಂತನಾ ದಿನವಾಗಿ ಆಚರಿಸುತ್ತಾರೆ. 1874ರ ಅದೇ ಫೆಬ್ರವರಿ 22ರಂದು ಬಂಟ್ವಾಳದಲ್ಲಿ ಪಂಜೆ ಮಂಗೇಶರಾಯರು ಹುಟ್ಟಿದರು. ಮಕ್ಕಳಿಗಾಗಿ ಹಾಡು, ಕಥೆ ಕಟ್ಟಿಕೊಟ್ಟ ಈ ಶಾಲಾ ಇನ್‌ಸ್ಪೆಕ್ಟರನ್ನು ಅವರದೇ ತಾಲೂಕಿನ ಬೆಂಕಿಯೆದುರು ನೆನೆಯದಿದ್ದರೆ ಹೇಗೆ? ಫೆಬ್ರವರಿ 22ರ ಹತ್ತಿರದ ವಾರಾಂತ್ಯ ಪೂರ್ತಿ ಪಂಜೆಯವರದ್ದೇ ಆಗಲಿ. ಒಂದು ಪ್ಯಾಟ್ರೋಲ್ ಅವರ ಪದ್ಯ ಹಾಡಲಿ, ಇನ್ನೊಂದು ಅವರ ಕಥೆಯನ್ನು ಆಡಿ ತೋರಿಸಲಿ. ಒಂಬತ್ತೂವರೆಗೆ ಬೆಂಕಿ ಆರಿಸಿ. ಕೆಂಡದ ಮೇಲೆ ನೀರು ಹೊಯ್ದು, ಕೈಯಿಟ್ಟರೆ ತಣ್ಣಗಿರಬೇಕು.

11. ಆಸ್ಪತ್ರೆಯ ದಾರಿ ಮೊದಲೇ ಗೊತ್ತಿರಲಿ

ತಲುಪಿದ ಕೂಡಲೇ ಮಾಡಬೇಕಾದ ಕೆಲಸ: ಮೊಬೈಲಿಗೆ ಎಲ್ಲಿ ಸಿಗ್ನಲ್ ಸಿಗುತ್ತದೆ ಎಂದು ನೋಡುವುದು. ಘಟ್ಟದ ಬುಡದಲ್ಲಿ ಎಷ್ಟೋ ಕಡೆ ಸಿಗುವುದಿಲ್ಲ. 108, 112 ಎಲ್ಲರಿಗೂ ಬಾಯಿಪಾಠವಿರಲಿ. ಹತ್ತಿರದ ಆಸ್ಪತ್ರೆ ಯಾವುದು, ರಾತ್ರಿ ಹೊತ್ತು ಅಲ್ಲಿಗೆ ಕರೆದೊಯ್ಯುವ ವಾಹನ ಯಾರದ್ದು ಎಂಬುದನ್ನು ಪ್ಯಾಟ್ರೋಲ್ ಲೀಡರ್ ಬರೆದಿಟ್ಟುಕೊಳ್ಳಲಿ. ಕತ್ತಲಲ್ಲಿ ಟಾರ್ಚು, ಬೂಟು ಇಲ್ಲದೆ ಟೆಂಟಿನಿಂದ ಹೊರಗೆ ಕಾಲಿಡಬಾರದು. ಬೆಳಗ್ಗೆ ಬೂಟನ್ನು ಕೊಡವಿಯೇ ಹಾಕಬೇಕು. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಹೀರುವುದು ಯಾವುದೂ ಬೇಡ. ಕಚ್ಚಿದ ಅಂಗ ಅಲುಗದಂತೆ ಸ್ಕೌಟ್ ಕೋಲು ಮತ್ತು ಸ್ಕಾರ್ಫಿನಿಂದ ಆಧಾರ ಕೊಟ್ಟು, ಮಗುವನ್ನು ನಡೆಸದೆ, ನೇರ ಆಸ್ಪತ್ರೆಗೆ ಸಾಗಿಸಿ. ಹಸಿ ನೆಲದಲ್ಲಿ ಇಂಬಳ ಹತ್ತಿದರೆ ಗಾಬರಿ ಬೇಡ. ಉಪ್ಪು ಮುಟ್ಟಿಸಿದರೆ ಬಿಡುತ್ತದೆ.

12. ಸೋಮವಾರದ ಕೆಲಸವನ್ನೂ ಶಿಬಿರಕ್ಕೇ ಸೇರಿಸಿ

ಭಾನುವಾರ ಹೊರಡುವ ಮುಂಚೆ ಮಕ್ಕಳು ಸಾಲಾಗಿ ನಿಂತು ಮೈದಾನದ ಒಂದು ತುದಿಯಿಂದ ಇನ್ನೊಂದಕ್ಕೆ ನಡೆಯಲಿ. ಕಾಗದ, ನೂಲು, ಬೆಂಕಿಕಡ್ಡಿ ಏನೂ ಉಳಿಯಬಾರದು. ಬೂದಿ ಹೂತು, ಕಲ್ಲುಗಳನ್ನು ಇದ್ದಲ್ಲಿಗೇ ಇಟ್ಟು, ಜಾಗ ಕೊಟ್ಟವರ ಮನೆಗೆ ಪ್ಯಾಟ್ರೋಲ್ ಲೀಡರುಗಳೇ ಹೋಗಿ ವಂದನೆ ಹೇಳಿ ಬರಬೇಕು, ಮಾಸ್ಟರರಲ್ಲ.

ಇಬ್ಬನಿಯಲ್ಲಿ ನೆನೆದ ಟೆಂಟನ್ನು ಮಡಚಿ ಕಪಾಟಿಗೆ ತುರುಕಿದರೆ ವಾರದೊಳಗೆ ಬೂಸಲು ಹಿಡಿಯುತ್ತದೆ. ಸೋಮವಾರ ಮಧ್ಯಾಹ್ನದ ಬಿಡುವಿನಲ್ಲಿ ಶಾಲೆಯ ಜಗಲಿಯ ಕಂಬಗಳಿಗೆ ಹಗ್ಗ ಕಟ್ಟಿ ಹರವಿ, ಸಂಜೆ ತಿರುವಿ ಹಾಕಿ, ಮರುದಿನ ಗೂಟ ಎಣಿಸಿ ಕಟ್ಟಿಡಲಿ. ಖರ್ಚಿನ ಲೆಕ್ಕವನ್ನು ಮಕ್ಕಳೇ ಬರೆದು ನೋಟಿಸ್ ಬೋರ್ಡಿಗೆ ಹಾಕಲಿ, ಹೆತ್ತವರೂ ನೋಡಲಿ. ಉಳಿದ ಹಣ ಪ್ಯಾಟ್ರೋಲ್ ಪೆಟ್ಟಿಗೆಗೆ. ಮುಂದಿನ ಸಲದ ಪ್ಯಾಚು, ಸೊಲ್ಯೂಶನ್ನಿಗೆ ಅದೇ ಆಗುತ್ತದೆ.